ಎರಡು ಸೀಟಿನ ಶಿವಮಲ್ಲು

ಕಪಿಲೆ ದಂಡೇಲಿ ಒಂದು ಮಠ ಇತ್ತು. ಮಠ ಅಂದ ತಕ್ಷಣ ಆನೆ, ಅಂಬಾರಿ, ಸಾಲುಗಟ್ಟಿ ನಿಂತ ಕಾರು ಅಂತೆಲ್ಲ ಕಣ್ಮುಂದೆ ತಂದ್ಕೋಬೇಡಿ. ಒಂದು ಗದ್ದಿಗೆ, ಒಂದು ಅಡುಗೆಮನೆ, ಒಂದು ಜಗಲಿ. ಅಷ್ಟೇ. ಜಗಲಿ ಮೇಲೆ ಕೂತ್ರೆ ಹೊಳೆ ಕಾಣೋದು.

ಅಲ್ಲಿನ ಸ್ವಾಮಿಗಳಿಗೆ ವಯಸ್ಸಾಗಿತ್ತು. ಆ ಸೀಮೇಲಿ ಸ್ವಾಮಿಗಳನ್ನ ಜನ ಬುದ್ದಿ ಅಂತ ಕರೆಯೋದು. ಇವ್ರನ್ನೂ ಹಂಗೇ ಕರೆಯೋರು. ಕೆಲವು ಸ್ವಾಮಿಗಳು ಮೈಕು ಹಿಡಿದ್ರೆ ಪಂಕ್ತೀಲಿ ಕೂತವ್ರ ಹೊಟ್ಟೆ ತಾಳ ಹಾಕಿದ್ರೂ ಬಿಡಲ್ಲ. ಈ ಬುದ್ದಿ ಹಂಗಲ್ಲ. ಮಾತಿಗೆ ಮುಂಚೆ ಅವರೆಕಾಯಿ ಸುಲಿಯೋರು, ಮಾತಾದ ಮೇಲೂ ಅವರೆಕಾಯಿ ಸುಲಿಯೋರು. ಮಧ್ಯದಲ್ಲಿ ಆಡಿದ್ದು ನಾಕು ಮಾತಿದ್ರೆ ಹೆಚ್ಚು.

ಶಿಷ್ಯ ಅಂತ ಇದ್ದವನು ಒಬ್ನೇ, ಶಿವಮಲ್ಲು. ಪಿಯುಸಿ ಓದಕ್ಕೆ ಅಂತ ಬಂದವನು ಮಠದಲ್ಲೇ ಉಳ್ಕೊಂಡ. ಬೆಳಿಗ್ಗೆ ಗದ್ದಿಗೆ ತೊಳೆಯೋದು, ಪೇಟೆ ಕಾಲೇಜಿಗೆ ಹೋಗಿ ಬರೋದು, ಸಾಯಂಕಾಲ ಬುದ್ದಿಗೆ ವಚನ ಓದಿ ಹೇಳೋದು. ಹಂಗೇ ಬಿಎಸ್ಸೀನೂ ಮುಗಿಸ್ದ. ಫಿಸಿಕ್ಸು, ಮ್ಯಾಥ್ಸು, ಎಲೆಕ್ಟ್ರಾನಿಕ್ಸು. ಮೂರ್ರಲ್ಲೂ ಒಳ್ಳೆ ಮಾರ್ಕು.

ಹುಡುಗ ಚುರುಕು. ಆದ್ರೆ ಅವ್ನಿಗೆ ಒಂದು ರೋಗ ಇತ್ತು. ಸೋಪು ತಗೊಂಡು ಬಾ ಅಂತ ಅಂಗಡಿಗೆ ಕಳ್ಸಿದ್ರೆ ಹಸಿರು ಸೋಪು ಒಂದು ಕೈಲಿ, ಕೆಂಪು ಸೋಪು ಒಂದು ಕೈಲಿ ಹಿಡ್ಕೊಂಡು, ಅಂಗಡಿಯವನು ಶಟರ್ ಎಳೆಯೋವರೆಗೂ ನಿಂತಿರೋನು.

ಅಂಥವ್ನಿಗೆ ದೇವ್ರು ಒಂದು ಸೀಟು ಕೊಟ್ಟು ಸುಮ್ನಾಗಬಾರ್ದಾ? ಎರಡು ಕೊಟ್ಟ.

ಫೋನಿಗೆ ಮೆಸೇಜು ಬಂತು. ಎಂಎಸ್ಸಿ ಫಿಸಿಕ್ಸಿಗೂ ಸೀಟು, ಎಂಎಸ್ಸಿ ಎಲೆಕ್ಟ್ರಾನಿಕ್ಸಿಗೂ ಸೀಟು. ನಾಳೆ ಸಾಯಂಕಾಲ ಐದು ಗಂಟೆಯೊಳಗೆ ಯಾವ್ದಾದ್ರೂ ಒಂದನ್ನ ಒಪ್ಕೊಂಡಿದೀನಿ ಅಂತ ಫೋನಲ್ಲೇ ಒತ್ತಬೇಕು. ಒತ್ತಿದ್ರೆ ಅದು ಇವ್ನಿಗೆ, ಇನ್ನೊಂದು ಬೇರೆಯವ್ರಿಗೆ. ಒತ್ತದೇ ಹೋದ್ರೆ ಎರಡೂ ಬೇರೆಯವ್ರಿಗೆ, ಇವ್ನಿಗೆ ಒಂದು ವರ್ಷ ಮಣ್ಣು.

ಶಿವಮಲ್ಲು ಜಗಲಿಗೆ ಓಡಿ ಬಂದ.

"ಬುದ್ದೀ, ಎರಡೂ ಸಿಕ್ಬುಡ್ತು!"

"ಸಂತೋಷ ಮಗ."

"ಒಂದನ್ನ ಬುಡಬೇಕಂತೆ."

"ಹೂಂ. ಬುಡು."

"ಯಾವುದನ್ನ ಬುದ್ದಿ?"

ಬುದ್ದಿ ಒಂದು ಅವರೆಕಾಯಿ ಬಿಡಿಸಿದ್ರು. ಒಳಗೆ ಹುಳ ಇತ್ತು. ಹುಳದ ಸಮೇತ ಅಂಗಳಕ್ಕೆ ಎಸೆದ್ರು.

"ಎರಡಕ್ಕೂ ಏನು ವ್ಯತ್ಯಾಸ?" ಅಂದ್ರು.

ಅಷ್ಟು ಕೇಳಿದ್ದೇ ತಡ, ಶಿವಮಲ್ಲು ಚಕ್ಕಂಬಟ್ಲೆ ಹಾಕ್ಕೊಂಡು ಕೂತ.

"ಫಿಸಿಕ್ಸ್ ಓದಿದ್ರೆ ಯಾಕೆ ಅಂತ ಗೊತ್ತಾಯ್ತದೆ ಬುದ್ದಿ. ಬೆಳಕು ಯಾಕೆ ಬಗ್ತದೆ, ಕಬ್ಬಿಣ ಯಾಕೆ ಅಂಟ್ಕೊತದೆ, ಇಂಥವು. ಎಲೆಕ್ಟ್ರಾನಿಕ್ಸ್ ಓದಿದ್ರೆ ಮಾಡಕ್ಕೆ ಬತ್ತದೆ. ಬೋರ್ಡು, ಸರ್ಕ್ಯೂಟು, ಚಿಪ್ಪು. ಅದನ್ನ ಓದಿದವ್ರನ್ನ ಫ್ಯಾಕ್ಟರಿಯೋರು ಬೇಗ ಕರೀತಾರೆ. ಫಿಸಿಕ್ಸ್ ಓದಿದವ್ರು ಇನ್ನೂ ಓದಬೇಕು, ಇಲ್ಲಾ ಮೇಷ್ಟ್ರಾಗಬೇಕು."

"ಎಲ್ಲಿ ಓದೋದು?"

"ಎರಡೂ ಒಂದೇ ಕಡೆ ಬುದ್ದಿ. ಒಂದು ಕಟ್ಟಡ ಈ ಕಡೆ, ಒಂದು ಕಟ್ಟಡ ಆ ಕಡೆ."

"ಮಧ್ಯದಲ್ಲಿ?"

"ಕ್ಯಾಂಟೀನು."

"ಹಂಗಾದ್ರೆ ಊಟಕ್ಕೆ ತೊಂದ್ರೆ ಇಲ್ಲ," ಅಂದು ಬುದ್ದಿ ಮತ್ತೆ ಅವರೆಕಾಯಿಗೆ ಕೈ ಹಾಕಿದ್ರು.

ಅಡುಗೆಮನೆ ಬಾಗ್ಲಲ್ಲಿ ದುಂಡವ್ವ ನಿಂತಿದ್ಳು. ಮಠದ ದಾಸೋಹದ ಅಡುಗೆಯೆಲ್ಲ ಅವಳ್ದೇ. ಸಾರಿಗೆ ಖಾರ ಕಮ್ಮಿ ಆಗಬೋದು, ಅವಳ ಮಾತಿಗೆ ಯಾವತ್ತೂ ಕಮ್ಮಿ ಆಗಿಲ್ಲ.

"ಲೋ ಮಲ್ಲು, ಊರಲ್ಲಿ ಒಂದು ಸೀಟಿಗೆ ಹುಡುಗ್ರು ಪರದಾಡ್ತಾವ್ರೆ. ನೀನು ಎರಡು ಸೀಟು ತೊಡೆ ಮೇಲೆ ಇಟ್ಕೊಂಡು ಹೆರೋವ್ಳಂಗೆ ನರಳ್ತಾ ಇದೀಯಲ್ಲ!"

"ನಿಂಗೆ ಗೊತ್ತಾಗಲ್ಲ ಸುಮ್ನಿರು ದುಂಡವ್ವ. ಇದು ಜೀವನದ ಪ್ರಶ್ನೆ."

"ಓಹೋ. ನಾನು ಜೀವನ ಮಾಡ್ಲೇ ಇಲ್ಲ ಅನ್ನು. ಇಲ್ಲಿ ಬರೀ ಒಲೆ ಊದ್ಕೊಂಡು ಬಿದ್ದಿದ್ದೆ."

ಶಿವಮಲ್ಲು ಹೊಳೆ ಮೆಟ್ಲಿಗೆ ಹೋದ. ಫೋನಿಗೆ ಸಿಗ್ನಲ್ ಸಿಗೋದು ಅಲ್ಲೇ. ಅವ್ವನಿಗೆ ಫೋನ್ ಮಾಡಿ ಕೇಳ್ದ.

ಅವ್ವ ಅಂದ್ಲು, "ನಂಗೇನು ತಿಳೀತದೆ ಮಗ? ನಿಂಗೆ ಯಾವ್ದು ಇಷ್ಟನೋ ಅದು ಓದು. ಓದಾದ ಮೇಲೆ ನಮ್ಮನೆ ಟಿವಿ ಸರಿ ಮಾಡಕ್ಕೆ ಬತ್ತದಾ?"

"ಯಾವ್ದರಲ್ಲೂ ಟಿವಿ ರಿಪೇರಿ ಹೇಳ್ಕೊಡಲ್ಲ ಕಣವ್ವ."

"ಮತ್ತೆ ಎರಡು ವರ್ಷ ಏನಪ್ಪ ಹೇಳ್ಕೊಡ್ತಾರೆ?"

ಅವ್ವನ ಕಡೆಯಿಂದ ಆಗ್ಲಿಲ್ಲ. ಮಧ್ಯಾಹ್ನ ಮತ್ತೆ ಬುದ್ದಿ ಮುಂದೆ ಬಂದು ನಿಂತ. ಕೈ ಮುಗ್ದು ಗಟ್ಟಿಯಾಗಿ ಹೇಳ್ದ.

"ಬುದ್ದೀ, ನಾನು ನಿಮ್ಮ ಶಿಷ್ಯ. ನೀವೇ ಹೇಳ್ಬುಡಿ. ನೀವು ಏನು ಹೇಳಿದ್ರೂ ಅದೇ ಓದ್ತೀನಿ. ಎದುರು ಮಾತಾಡಲ್ಲ."

"ಆಡಲ್ವಾ?"

"ಆಡಲ್ಲ ಬುದ್ದಿ."

"ಸರಿ. ಎಲೆಕ್ಟ್ರಾನಿಕ್ಸ್ ಓದು."

ಶಿವಮಲ್ಲು ಮುಖ ಹಗುರಾಯ್ತು. ಬುದ್ದಿ ಕಾಲಿಗೆ ಬಿದ್ದ. ಎದ್ದ. ಜಗಲಿ ಇಳಿದ. ಬಾವಿಕಟ್ಟೆವರೆಗೂ ಹೋದ. ಅಲ್ಲಿ ನಿಂತ. ತಲೆ ಕೆರೆದ. ತಿರುಗಿ ಬಂದ.

"ಬುದ್ದೀ, ನೀವು ಹೇಳಿದ್ದು ಸರಿನೇ. ಆದ್ರೆ ಫಿಸಿಕ್ಸೇ ಅಲ್ವಾ ಎಲ್ಲದಕ್ಕೂ ಬುಡ? ಬುಡ ಬುಟ್ಟು ಕೊಂಬೆ ಹಿಡ್ಕಂಡಂಗೆ ಆಗಲ್ವಾ?"

"ಹೌದಲ್ಲ," ಅಂದ್ರು ಬುದ್ದಿ. "ಹಂಗಾದ್ರೆ ಫಿಸಿಕ್ಸ್ ಓದು."

"ಓದ್ತೀನಿ ಬುದ್ದಿ!"

ಈ ಸಲ ಬಾವಿಕಟ್ಟೆ ದಾಟಿ ಗೇಟಿನವರೆಗೂ ಹೋದ. ದುಂಡವ್ವ ಬಾಗ್ಲಲ್ಲಿ ನಿಂತು ನೋಡ್ತಾನೇ ಇದ್ಳು. "ಬಂದ, ಬಂದ, ಬರ್ತಾವ್ನೆ," ಅಂದ್ಲು.

ಬಂದ.

"ಆದ್ರೆ ಬುದ್ದಿ, ಫಿಸಿಕ್ಸ್ ಓದಿ ಕೆಲ್ಸ ಸಿಗೋದು ತಡ ಆದ್ರೆ? ಅವ್ವನಿಗೂ ವಯಸ್ಸಾಯ್ತಾ ಬಂತು."

ಬುದ್ದಿ ಕೈಲಿದ್ದ ಕಾಯಿ ಮೊರಕ್ಕೆ ಹಾಕಿ, ಶಿಷ್ಯನ್ನ ಚೆನ್ನಾಗಿ ನೋಡಿದ್ರು.

"ಮಗ, ಆ ಎರಡು ಕಟ್ಟಡದಾಚೆ 'ಆದ್ರೆ' ಅಂತ ಒಂದು ಶಾಸ್ತ್ರ ಹೇಳ್ಕೊಡ್ತಾರಾ ವಿಚಾರಿಸು. ಅದರಲ್ಲಿ ನಿಂಗೆ ಮೊದಲ್ನೇ ರ‍್ಯಾಂಕು."

ದುಂಡವ್ವ ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಕ್ಳು. ಅಡ್ಡ ಇಟ್ಕೊಂಡಿದ್ದು ಸುಮ್ನೆ, ನಗು ಹೊಳೆ ಆಚೆಗೂ ಕೇಳ್ಸಿರಬೇಕು.

ಶಿವಮಲ್ಲುಗೆ ಅವಮಾನ ಆಯ್ತು. ಉಂಡೂ ಉಣ್ಣದಂಗೆ ಉಂಡು ಮಲಗ್ದ. ಅವ್ನ ತಲೇಲಿ ಇದ್ದಿದ್ದು ಒಂದೇ ಮಾತು. ಒಂದನ್ನ ಹಿಡ್ಕೊಂಡ ಮೇಲೆ, ಹತ್ತು ವರ್ಷ ಬಿಟ್ಟು, ಅಯ್ಯೋ ಇನ್ನೊಂದನ್ನ ಓದಬೇಕಾಗಿತ್ತು ಅಂತ ಅನ್ಸಿಬಿಟ್ರೆ?

ಬೆಳಿಗ್ಗೆ ಗದ್ದಿಗೆ ತೊಳೆಯಕ್ಕೆ ಹೋದಾಗ ಒಂದು ಉಪಾಯ ಹೊಳೀತು. ಹೂ ಕೇಳ್ಬುಟ್ರೆ?

ಹೂ ಕೇಳೋದು ಆ ಗದ್ದಿಗೇಲಿ ಹಿಂದಿನಿಂದ ನಡ್ಕೊಂಡು ಬಂದಿದ್ದು. ಮಠ ಕಟ್ಟಿದ ದೊಡ್ಡ ಬುದ್ದಿಗಳನ್ನ ಮಣ್ಣು ಮಾಡಿದ ಜಾಗ ಅದು. ಮೇಲೊಂದು ಲಿಂಗದ ಕಲ್ಲು. ಹೂವಿನ ಎಸಳು ನೀರಲ್ಲಿ ಅದ್ದಿ ಕಲ್ಲಿನ ಬಲಕ್ಕೊಂದು ಎಡಕ್ಕೊಂದು ಅಂಟಿಸೋದು. ಮನ್ಸಲ್ಲಿ ಕೇಳ್ಕೊಂಡು ಕೂರೋದು. ಬಲಗಡೆ ಎಸಳು ಮೊದ್ಲು ಬಿದ್ರೆ ಹೂಂ ಅಂತ, ಎಡಗಡೇದು ಬಿದ್ರೆ ಉಹೂಂ ಅಂತ. ಹೆಣ್ಣು ಕೊಡೋರು, ಮನೆ ಕಟ್ಟೋರು, ದನ ಮಾರೋರು ಎಲ್ಲ ಬಂದು ಕೇಳ್ಕೊಂಡು, ಬಿದ್ದಿದ್ದು ಬಿತ್ತು ಅಂತ ಕೈ ಮುಗಿದು ಹೋಗೋರು.

ಬಲಕ್ಕೆ ಬಿದ್ರೆ ಫಿಸಿಕ್ಸು, ಎಡಕ್ಕೆ ಬಿದ್ರೆ ಎಲೆಕ್ಟ್ರಾನಿಕ್ಸು ಅಂದ್ಕೊಂಡ ಶಿವಮಲ್ಲು.

ಬೇರೆ ಯಾರಾದ್ರೂ ಆಗಿದ್ರೆ ಕೈಗೆ ಸಿಕ್ಕ ಎಸಳು ಕಿತ್ತು ಅಂಟಿಸೋರು. ಇವ್ನು ಬಿಎಸ್ಸಿ. ಒಂದೇ ಸೇವಂತಿಗೆಯಿಂದ ಅಕ್ಕಪಕ್ಕದ ಎರಡು ಎಸಳು ಕಿತ್ತ. ಒಂದರ ಮೇಲೊಂದು ಇಟ್ಟು ಉದ್ದ ಅಗಲ ನೋಡ್ದ. ಕಿಟಕಿ ಹಾಕ್ದ, ಗಾಳಿ ಬರಬಾರ್ದು ಅಂತ. ದೀಪ ಸರಿಯಾಗಿ ನಡುವೆ ಇಟ್ಟ, ಒಂದು ಕಡೆಗೆ ಮಾತ್ರ ಕಾವು ತಗಲಬಾರ್ದು ಅಂತ. ಎರಡಕ್ಕೂ ಬೆರಳ ತುದೀಲಿ ಒಂದೊಂದೇ ತೊಟ್ಟು ನೀರು. ಆಮೇಲೆ ಕಣ್ಮುಚ್ಚಿದ. ಪೂರ್ತಿ ಮುಚ್ಚಲಿಲ್ಲ, ಅರ್ಧ.

ಬಲಗಡೆ ಎಸಳು ಬಿತ್ತು.

ಶಿವಮಲ್ಲು ಕಣ್ಣು ಬಿಟ್ಟ. ಮೆಲ್ಲಗೆ ಕಲ್ಲು ಮುಟ್ಟಿ ನೋಡ್ದ. ಮತ್ತೆ ಎರಡು ಎಸಳು ಕಿತ್ತ. ಅದ್ದಿದ. ಅಂಟಿಸಿದ. ಕೂತ.

ಎಡಗಡೆ ಎಸಳು ಬಿತ್ತು.

ಮೂರನೇ ಸಲಕ್ಕೆ ಎಸಳು ಅಂಟಿಸ್ತಾ ಇರುವಾಗ ಹಿಂದಿನಿಂದ ತಂಬಿಗೆ ದಬ್ ಅಂತ ಬಿತ್ತು. ದುಂಡವ್ವ ಎಣ್ಣೆ ಹಾಕಕ್ಕೆ ಅಂತ ಬಂದಿದ್ದವ್ಳು ಎಲ್ಲ ನೋಡ್ತಾ ನಿಂತಿದ್ಳು.

"ಅಯ್ಯಯ್ಯೋ ಪಾಪಿ! ಎಷ್ಟ್ಸಲ ಕೇಳ್ತೀಯೋ? ಒಂದ್ಸಲ ಕೇಳಿದ್ರೆ ಭಕ್ತಿ. ಎರಡ್ಸಲ ಕೇಳಿದ್ರೆ ದೊಡ್ಡ ಬುದ್ದಿಗೆ ಕಿವಿ ಕೇಳ್ಸಲ್ಲ ಅಂದಂಗೆ. ಮೂರ್ಸಲ ಕೇಳಿದ್ರೆ ಸುಳ್ಳ ಅಂದಂಗೆ ಕಣ್ಲಾ! ಬುದ್ದೀ, ಬನ್ನಿ ಇಲ್ಲಿ, ನಿಮ್ಮ ಶಿಷ್ಯನ ಆಟ ನೋಡ್ಬನ್ನಿ!"

ಬುದ್ದಿ ಬಂದ್ರು. ಬಾಗ್ಲಲ್ಲೇ ನಿಂತು ಒಳಗೆ ನೋಡಿದ್ರು. ಕಲ್ಲಿನ ಮುಂದೆ ಎಸಳು ಚೆಲ್ಲಾಡಿತ್ತು. ಮೂರನೇ ಸಲದ ಎಸಳು ಎರಡೂ ಅಂಟ್ಕೊಂಡು ಕೂತಿದ್ವು. ಬೀಳೋ ಲಕ್ಷಣ ಇರ್ಲಿಲ್ಲ.

"ಯಾಕೆ ಮಗ ಇಷ್ಟು ಸಲ?"

ಶಿವಮಲ್ಲು ತಲೆ ತಗ್ಗಿಸಿದ. "ಲ್ಯಾಬಲ್ಲಿ ಹಂಗೇ ಬುದ್ದಿ ಹೇಳ್ಕೊಟ್ಟಿರೋದು. ಒಂದೇ ರೀಡಿಂಗ್ ನಂಬಬಾರ್ದು. ಮೂರು ತಗೊಂಡು ಸರಾಸರಿ ನೋಡಬೇಕು."

ದುಂಡವ್ವ ಹಣೆ ಚಚ್ಕೊಂಡ್ಳು. "ದೇವ್ರ ಮಾತಿಗೆ ಸರಾಸರಿ!"

ಬುದ್ದಿ ಕೇಳಿದ್ರು, "ಮೊದಲ್ನೇ ಸಲ ಬಲಕ್ಕೆ ಬಿತ್ತಲ್ಲ. ಆಗ ಏನು ಅನ್ಸ್ತು?"

"ಆ ಕಡೆ ನೀರು ಕಮ್ಮಿ ಆಯ್ತೇನೋ ಅನ್ಸ್ತು."

"ಎಡಕ್ಕೆ ಬಿದ್ದಾಗ?"

"ಬಾಗ್ಲಿಂದ ಗಾಳಿ ಬಂತೇನೋ ಅಂತ."

"ಈಗ ಯಾವ್ದೂ ಬೀಳ್ತಿಲ್ಲ."

"ನೀರು ಹೆಚ್ಚಾಯ್ತೇನೋ ಬುದ್ದಿ."

ಬುದ್ದಿ ಒಳಗೆ ಬಂದು ಅಂಟ್ಕೊಂಡಿದ್ದ ಎರಡೂ ಎಸಳನ್ನ ತಾವೇ ಮೆಲ್ಲಗೆ ತೆಗೆದ್ರು. ಒಂದನ್ನ ತಾವು ಕಣ್ಣಿಗೆ ಒತ್ಕೊಂಡು ಕಿವಿಗೆ ಸಿಕ್ಕಿಸ್ಕೊಂಡ್ರು. ಇನ್ನೊಂದನ್ನ ದುಂಡವ್ವನ ಕೈಗೆ ಕೊಟ್ರು. ಅವಳು ತುರುಬಿಗೆ ಸಿಕ್ಕಿಸ್ಕೊಂಡ್ಳು.

"ನಂಗೆ ಬುದ್ದಿ?" ಅಂದ ಶಿವಮಲ್ಲು.

"ನೀನು ಹೂ ಕೇಳಕ್ಕೆ ಬಂದಿರ್ಲಿಲ್ಲ ಮಗ. ಹೂವಿಗೆ ಪರೀಕ್ಷೆ ಇಡಕ್ಕೆ ಬಂದಿದ್ದೆ. ಪರೀಕ್ಷೆ ಮುಗೀತು. ಕಸ ಗುಡಿಸು."

ಕಸ ಗುಡಿಸ್ದ. ಹೊತ್ತು ಏರ್ತಾ ಬಂತು. ಹನ್ನೆರಡಾಯ್ತು. ಎರಡಾಯ್ತು. ಹೊಳೆ ಮೆಟ್ಲಿಗೆ ಹೋಗಿ ಫೋನ್ ತೆಗೆಯೋನು. ಎರಡು ಚೌಕ ಕಾಣೋವು. ಒಂದರ ಮೇಲೆ ಬೆರಳು ತಗೊಂಡು ಹೋಗೋನು, ತಿರುಗಿ ತಗೊಳ್ಳೋನು. ಇನ್ನೊಂದರ ಮೇಲೆ ತಗೊಂಡು ಹೋಗೋನು, ಅಲ್ಲಿಂದ್ಲೂ ತಗೊಳ್ಳೋನು. ಹೊಳೇಲಿ ಬಟ್ಟೆ ಒಗೀತಿದ್ದ ಹೆಂಗಸ್ರು, ಈ ಹುಡುಗ ಯಾವುದೋ ಹುಡುಗಿ ಫೋಟೋ ನೋಡ್ತಾವ್ನೆ ಅಂತ ಮಾತಾಡ್ಕೊಂಡ್ರು. ಪಾಪ, ಅಷ್ಟು ಅದೃಷ್ಟ ಎಲ್ಲಿಂದ ಬರಬೇಕು.

ನಾಕು ದಾಟಿದ ಮೇಲೆ ಅಡುಗೆಮನೆಯಿಂದ ಕೂಗು ಬಂತು.

"ಮಲ್ಲೂ! ಬಾರ್ಲಾ ಇಲ್ಲಿ! ಗ್ರೈಂಡರು ನಿಂತೋಯ್ತು!"

ಮಾರನೇ ದಿನ ಮಠದಲ್ಲಿ ದೋಸೆ ದಾಸೋಹ. ಅಕ್ಕಿ, ಉದ್ದು ನೆನೆದು ಊದ್ಕೊಂಡು ಕೂತಿತ್ತು. ದುಂಡವ್ವ ಗ್ರೈಂಡರಿಗೆ ಹಾಕಿ ಸ್ವಿಚ್ಚು ಒತ್ತಿದ್ದಾಳೆ. ಗುಂಯ್ ಅಂತ ಸದ್ದು ಬರ್ತದೆ, ಪಾತ್ರೆ ಮಾತ್ರ ಅಲ್ಲಾಡ್ತಿಲ್ಲ.

ಶಿವಮಲ್ಲು ಬಂದು ಬಗ್ಗಿ ನೋಡ್ದ. ಕಿವಿ ಕೊಟ್ಟು ಕೇಳ್ದ. ಅವ್ನ ಮುಖ ನೋಡಬೇಕಾಗಿತ್ತು. ಎರಡು ದಿನದಿಂದ ಹುಳಿ ಹಿಂಡಿದಂಗೆ ಇದ್ದಿದ್ದು ಹಂಗೇ ಅರಳಿತು.

"ಕೆಪಾಸಿಟರ್ ಹೋಗದೆ!" ಅಂದ.

"ಎಲ್ಲಿಗೆ?" ಅಂದ್ಲು ದುಂಡವ್ವ.

ಬುದ್ದೀನೂ ಸದ್ದು ಕೇಳಿ ಬಂದ್ರು. ಹೊಸ್ತಿಲ ಮೇಲೆ ಕೂತ್ಕೊಂಡ್ರು.

"ಏನಾಗದೆ ಮಗ ಅದಕ್ಕೆ?"

ಕೇಳಿದ್ದೇ ಸಾಕು, ಶಿವಮಲ್ಲು ಶುರು ಮಾಡ್ದ. "ನೋಡಿ ಬುದ್ದಿ, ಒಳಗೆ ತಂತಿ ಸುತ್ತಿರ್ತಾರೆ. ಕರೆಂಟು ಹರಿದ್ರೆ ಅದು ಒಂದೇ ಹೊತ್ಗೆ ಎರಡು ಕಡೆಗೂ ಎಳೀತದೆ. ಬಲಕ್ಕೆ ಎಷ್ಟು ಜೋರೋ ಎಡಕ್ಕೂ ಅಷ್ಟೇ ಜೋರು. ಸಮ ಸಮ. ಅದಕ್ಕೇ ಅಲ್ಲಾಡಲ್ಲ. ಶಕ್ತಿ ಇಲ್ಲ ಅಂತಲ್ಲ ಬುದ್ದಿ, ಶಕ್ತಿ ಬೇಕಾದಷ್ಟು ಐತೆ. ಕೆಪಾಸಿಟರ್ ಅಂತ ಒಂದು ಡಬ್ಬಿ ಇರ್ತದೆ, ಶುರುವಿನಲ್ಲಿ ಒಂದು ಕಡೆಗೆ ಚೂರು ತಳ್ಳಿ ಕೊಡೋದು ಅದರ ಕೆಲ್ಸ. ಅದು ಕೆಟ್ಟೋಗದೆ. ಈಗ ಹೊಸದು ತಂದು ಹಾಕಬೇಕು, ಎಷ್ಟರದ್ದು ಅಂತ ಡಬ್ಬಿ ಮೇಲೆ ಬರೆದಿರ್ತದೆ..."

"ಗುಂಯ್ ಅಂತದಲ್ಲ?"

"ಎರಡು ಕಡೆ ಎಳೆದಾಟದ ಸದ್ದು ಅದು."

"ಇರ್ಲಿ ಬುಡು ಹಂಗೇ. ಅದರ ಪಾಡಿಗೆ ಅದು ಗುಂಯ್ ಅನ್ಲಿ."

"ಅಯ್ಯೋ ಬುದ್ದಿ, ಸುಟ್ಟೋಯ್ತದೆ!"

"ಯಾಕೆ? ಪಾಪ ಏನೂ ಮಾಡ್ತಾನೇ ಇಲ್ಲ. ನಿಂತದೆ."

"ನಿಂತದೆ ಅಂತಲೇ ಬುದ್ದಿ ಸುಡೋದು. ತಿರುಗಿದ್ರೆ ಏನೂ ಆಗಲ್ಲ. ನಿಂತಲ್ಲೇ ನಿಂತ್ರೆ ಕರೆಂಟೆಲ್ಲ ಕಾವಾಗಿ..."

ಅಲ್ಲಿಗೆ ಶಿವಮಲ್ಲು ಮಾತು ನಿಂತೋಯ್ತು.

ಬುದ್ದಿ ಅವ್ನ ಮುಖ ನೋಡ್ಲಿಲ್ಲ. ಗ್ರೈಂಡರನ್ನೇ ನೋಡ್ತಿದ್ರು.

ಸುಟ್ಟ ವಾಸನೆ ಬರಕ್ಕೆ ಶುರುವಾಯ್ತು.

"ಮತ್ತೆ ಅದಕ್ಕೆ ಏನು ಮಾಡಬೇಕು?" ಅಂದ್ರು ಬುದ್ದಿ.

"ಕೈಯಲ್ಲಿ ಒಂದು ಸಲ ತಿರುಗಿಸಿಬಿಟ್ರೆ ಸಾಕು ಬುದ್ದಿ. ಆಮೇಲೆ ಅದೇ ಓಡ್ತದೆ."

"ತಿರುಗಿಸು."

ಶಿವಮಲ್ಲು ಪಾತ್ರೆ ಮೇಲೆ ಕೈ ಇಟ್ಟ. ಬಲಕ್ಕೆ ಅಂತ ಹಿಡಿದ. ಸ್ವಲ್ಪ ಯೋಚನೆ ಮಾಡಿ ಎಡಕ್ಕೆ ಅಂತ ಹಿಡಿದ.

"ದಿನಾ ಯಾವ ಕಡೆ ತಿರುಗ್ತಿತ್ತು ದುಂಡವ್ವ?"

"ನನ್ನ ತಲೆ ಕಡೆ!" ಅಂದ್ಲು ದುಂಡವ್ವ. ಅವ್ನನ್ನ ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿ, ಪಾತ್ರೆ ಅಂಚು ಹಿಡ್ದು, ಬಿಂದಿಗೆ ಸೊಂಟಕ್ಕೆ ಎತ್ಕೊಳೋ ಹಂಗೆ ಒಂದು ಝಾಡಿಸಿದ್ಳು ನೋಡಿ. ಗ್ರೈಂಡರು ಒಂದು ಸುತ್ತು ನಿಧಾನಕ್ಕೆ ಬಂತು, ಎರಡನೇ ಸುತ್ತಿಗೆ ಉಸಿರು ಸಿಕ್ತು, ಆಮೇಲೆ ಗರಗರ ಅಂತ ಓಡಕ್ಕೆ ಹತ್ತಿತು.

"ದುಂಡವ್ವ, ಉಲ್ಟಾ ಕಡೆ ತಿರುಗ್ಸಿದೀಯ!"

"ರುಬ್ತಾ ಐತಾ ಇಲ್ವಾ ಹೇಳು."

ರುಬ್ತಾ ಇತ್ತು. ಅಕ್ಕಿ ನುರಿಯೋ ಸದ್ದು ಅಡುಗೆಮನೆ ತುಂಬ್ತು. ದುಂಡವ್ವ ಸೌಟಲ್ಲಿ ಅಂಚಿನ ಹಿಟ್ಟು ಒಳಕ್ಕೆ ತಳ್ತಾ ಕೂತ್ಳು. ಸುಟ್ಟ ವಾಸನೆ ಕಿಟಕಿಯಿಂದ ಆಚೆ ಹೋಯ್ತು.

ಬುದ್ದಿ ಬಗ್ಗಿ ಪಾತ್ರೆಯೊಳಗೆ ನೋಡಿದ್ರು. ಆಮೇಲೆ ಕೇಳಿದ್ರು.

"ಮಗ, ಒಂದು ಅನುಮಾನ. ಇನ್ನೊಂದು ಕಡೆಗೂ ಎಳೀತಿತ್ತು ಅಂದ್ಯಲ್ಲ. ಅದು ಎಲ್ಲೋಯ್ತು ಈಗ?"

ಶಿವಮಲ್ಲುಗೆ ಗೊತ್ತಿತ್ತು. ಇದು ಅವ್ನು ಪರೀಕ್ಷೇಲಿ ಬರೆದಿದ್ದ ಉತ್ತರ. ಆದ್ರೂ ಹಿಟ್ಟು ತಿರುಗೋದನ್ನ ನೋಡ್ಕೊಂಡೇ ಹೇಳ್ದ.

"ಎಲ್ಲೂ ಹೋಗಿಲ್ಲ ಬುದ್ದಿ. ಒಳಗೇ ಐತೆ. ಈಗ್ಲೂ ಚೂರು ಚೂರು ಎಳೀತಾನೇ ಐತೆ."

"ಓಹೋ. ಯಾವಾಗ ಹೋಗ್ತದೆ?"

"ಹೋಗಲ್ಲ ಬುದ್ದಿ. ಇದ್ದೇ ಇರ್ತದೆ. ಓಡ್ತಾ ಇದ್ರೂ ಸಣ್ಣಗೆ ಗುಂಯ್ ಅಂತದಲ್ಲ, ಅದರಲ್ಲಿ ಅದೂ ಸೇರ್ಕೊಂಡಿರ್ತದೆ."

"ಅಷ್ಟು ಸದ್ದು ಮಾಡ್ಕೊಂಡೇ ರುಬ್ತದೆ ಅನ್ನು."

"ರುಬ್ತದೆ ಬುದ್ದಿ."

ಬುದ್ದಿ ಎದ್ರು. ಮಂಡಿ ಹಿಡ್ಕೊಂಡು ನಿಧಾನಕ್ಕೆ. ಎದ್ದವ್ರು ಗೋಡೆ ಗಡಿಯಾರ ನೋಡ್ಲಿಲ್ಲ, ಶಿವಮಲ್ಲು ನೋಡ್ದ. ಐದಕ್ಕೆ ಹತ್ತು ನಿಮಿಷ ಇತ್ತು.

ಅವನು ಚಪ್ಪಲಿ ಹಾಕ್ಕೊಳ್ದೇ ಓಡ್ದ. ಬಾವಿಕಟ್ಟೆ ದಾಟ್ದ, ಗೇಟು ದಾಟ್ದ, ಹೊಳೆ ಮೆಟ್ಲು ಎರಡೆರಡು ಇಳ್ದ. ಬಟ್ಟೆ ಒಗೆಯೋ ಹೆಂಗಸ್ರು ಹುಡುಗ ಹೊಳೆಗೇ ಹಾರ್ತಾನೆ ಅಂದ್ಕೊಂಡು ಎದ್ದು ನಿಂತ್ರು. ಅವ್ನು ಹಾರ್ಲಿಲ್ಲ. ಕೊನೇ ಮೆಟ್ಲಲ್ಲಿ ನಿಂತು ಫೋನ್ ತೆಗೆದ. ಎರಡು ಚೌಕ ಕಂಡ್ವು.

ಎದೇಲಿ ಗುಂಯ್ ಅಂತಾನೇ ಇತ್ತು. ಹತ್ತು ವರ್ಷ ಬಿಟ್ಟು ಅಯ್ಯೋ ಅನ್ಸಿದ್ರೆ? ಅನ್ಸ್ಲಿ ಅಂದ್ಕೊಂಡ. ಅನ್ಸ್ತಾ ಇರ್ಲಿ.

ಒಂದನ್ನ ಒತ್ತಿದ.

ಇನ್ನೊಂದು ಚೌಕ ಕಣ್ಮುಂದೇನೇ ಬೂದಿ ಬಣ್ಣಕ್ಕೆ ತಿರುಗ್ತು. ಅಷ್ಟೇ. ಆಕಾಶ ಏನೂ ಬೀಳ್ಲಿಲ್ಲ. ಒಬ್ಬ ಹೆಂಗಸು, "ಏನಪ್ಪ, ಹುಡುಗಿ ಒಪ್ಕೊಂಡ್ಳಾ?" ಅಂದ್ಲು. "ಒಪ್ಕೊಂಡ್ಳು ಕಣಕ್ಕ," ಅಂದ ಶಿವಮಲ್ಲು. ಮೆಟ್ಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟ. ಕತ್ತಲಾಗೋವರೆಗೂ ಕೂತಿದ್ದ. ಬಂದು ಮುದ್ದೆ ಉಂಡ. ಎರಡು ಮುದ್ದೆ. ಮಲಗಿದ ತಕ್ಷಣ ನಿದ್ದೆ ಬಂತು.

ಬೆಳಿಗ್ಗೆ ದಾಸೋಹ. ಬಂದವ್ರಿಗೆಲ್ಲ ದೋಸೆ, ಅವರೆಕಾಳು ಹುಳಿ. ಜನ ಉಂಡು ಎದ್ದ ಮೇಲೆ ಬುದ್ದಿ, ಶಿವಮಲ್ಲು ಎದುರೆದುರಿಗೆ ಕೂತ್ರು. ಹಿಟ್ಟು ಚೆನ್ನಾಗಿ ಹುದುಗಿ ಬಂದಿತ್ತು. ಕೆಂಪಗೆ ತೂತು ತೂತಾಗಿ ಬಂದ ದೋಸೆಯನ್ನ ದುಂಡವ್ವ ಕಾವಲಿಯಿಂದ ಎತ್ತಿ ಎಲೆಗೆ ಹಾಕ್ತಾ ಇದ್ಳು. ಅವಳ ಕೈ ಎಲೆ ಮೇಲಿತ್ತು, ಕಿವಿ ಹುಡುಗನ ಕಡೆ ಇತ್ತು. ಎಷ್ಟು ಹೊತ್ತು ತಾನೇ ತಡ್ಕೊಂಡಾಳು?

"ಯಾವ್ದು ಒತ್ತಿದ್ಯೋ?"

"ಫಿಸಿಕ್ಸು."

"ಅಯ್ಯೋ ನಮ್ಮಪ್ಪ. ಮೇಷ್ಟ್ರಾಗಿ ಮಕ್ಳ ಕಿವಿ ಹಿಂಡೋ ಹಣೆಬರಹ. ಆ ಇನ್ನೊಂದು ಓದಿದ್ರೆ ಗ್ರೈಂಡರಾದ್ರೂ ರಿಪೇರಿ ಮಾಡ್ತಿದ್ದೆ."

"ಗ್ರೈಂಡರ್ ಈಗ್ಲೂ ರಿಪೇರಿ ಮಾಡ್ತೀನಿ ಕಣ್ ದುಂಡವ್ವ. ಸಂತೆಗೆ ಹೋದಾಗ ಆ ಡಬ್ಬಿ ತಂದು ಹಾಕ್ತೀನಿ. ಅದಕ್ಕೆ ಎಂಎಸ್ಸಿ ಬೇಡ."

"ತರಬೇಡ. ನಂಗೆ ತಳ್ಳಿ ತಳ್ಳಿ ಅಭ್ಯಾಸ ಆಯ್ತು."

ಶಿವಮಲ್ಲು ನಕ್ಕ. ಬುದ್ದಿ ತಮ್ಮ ಪಾಡಿಗೆ ದೋಸೆ ಮುರೀತಿದ್ರು, ಹುಳೀಲಿ ಅದ್ದುತಿದ್ರು, ತಿಂತಿದ್ರು. ಫಿಸಿಕ್ಸು ಅಂದಿದ್ದು ಅವ್ರ ಕಿವಿಗೆ ಬಿದ್ದಿತ್ತು. ಹೂಂ ಅನ್ಲಿಲ್ಲ, 'ಅಯ್ಯೋ' ಅಂತಲೂ ಅನ್ಲಿಲ್ಲ.

ಶಿವಮಲ್ಲುಗೆ ತಡೆಯಕ್ಕಾಗ್ಲಿಲ್ಲ. ಕೈಯಲ್ಲಿದ್ದ ತುತ್ತು ಎಲೆಗಿಟ್ಟ.

"ಬುದ್ದೀ, ಒಂದೇ ಒಂದು ಮಾತು ಹೇಳಿ. ನಾನು ಒತ್ತಿದ್ದು ಸರಿನಾ?"

ಬುದ್ದಿ ತಮ್ಮೆಲೆಯ ದೋಸೆಯಿಂದ ಒಂದು ಚೂರು ಮುರಿದ್ರು. ಮುಂದಕ್ಕೆ ಬಗ್ಗಿ ಶಿಷ್ಯನ ಎಲೆಗೆ ಹಾಕಿದ್ರು.

"ಇದನ್ನ ತಿಂದು ನೋಡಿ ಹೇಳು ಮಗ. ಈ ಹಿಟ್ಟು ಬಲಕ್ಕೆ ತಿರುಗಿದ್ದಾ, ಎಡಕ್ಕೆ ತಿರುಗಿದ್ದಾ?"